ಕಲ್ಲು ಓದುವವರೂ ನಮ್ಮ ಮನೆಗಳಿಂದ ಬರಲಿ

ಮೆಡಿಕಲ್, ಎಂಜಿನಿಯರಿಂಗ್ ಸೀಟು ಸಿಗದಿದ್ದರೆ ಮುಂದೆ ಎಂತ? ಪಿಯುಸಿ ಸಯನ್ಸ್ ಮುಗಿಸಿದ ಮಕ್ಕಳಿರುವ ನಮ್ಮ ಮನೆಗಳಲ್ಲಿ ಇದೇ ಚಿಂತೆ. ಭೂವಿಜ್ಞಾನ ಎಂದರೆ 'ಕಲ್ಲು ನೋಡಿ ಹೊಟ್ಟೆ ತುಂಬುತ್ತದಾ?' ಎಂದು ಕೇಳುತ್ತೇವೆ. ತುಂಬುತ್ತದೆ ಎನ್ನಲು ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ.

ರಾಯಚೂರಿನಿಂದ ಲಿಂಗಸುಗೂರು ರಸ್ತೆ ಹಿಡಿದರೆ ಸಿರವಾರ ಸಿಗುತ್ತದೆ. ಹತ್ತಿ, ಭತ್ತದ ಊರು. ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ಹಟ್ಟಿ ಚಿನ್ನದ ಗಣಿ. ದೇವದುರ್ಗ ತಾಲೂಕಿನ ಊಟಿ ಗ್ರಾಮದಲ್ಲೂ ಅದೇ ಕಂಪೆನಿಯ ಗಣಿ ಇದೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ರಾಜ್ಯ ಸರಕಾರದ ಹಟ್ಟಿ ನಡೆಯುತ್ತಲೇ ಇದೆ.

ಅಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಹೆಚ್ಚಿನದ್ದು ಕಣ್ಣಿಗೆ ಕಾಣುವುದಿಲ್ಲ. ಬೆಣಚು ಕಲ್ಲಿನಲ್ಲಿ, ಗಂಧಕ ಮತ್ತು ಆರ್ಸೆನಿಕ್ ಇರುವ ಖನಿಜಗಳ ಜೊತೆ ಅಡಗಿರುತ್ತದೆ. ಯಾವುದರ ಒಳಗೆ ಎಷ್ಟು ಸಣ್ಣ ಕಣವಾಗಿ ಇದೆ ಎಂದು ಹೇಳುವವನೇ ಖನಿಜ ವಿಜ್ಞಾನಿ. ಕಲ್ಲನ್ನು ಎಷ್ಟು ನುಣ್ಣಗೆ ಅರೆಯಬೇಕು ಎಂಬುದು ಅವನ ಮಾತಿನ ಮೇಲೆ ನಿಂತಿದೆ. ಅವನ ಲೆಕ್ಕ ತಪ್ಪಿದರೆ ಚಿನ್ನ ಕಸದ ರಾಶಿಗೆ ಹೋಗುತ್ತದೆ. ಆ ರಾಶಿಯಲ್ಲಿ ಉಳಿದ ಆರ್ಸೆನಿಕ್ ಮೇಲೆ ನಿಗಾ ಇಲ್ಲದಿದ್ದರೆ ಸುತ್ತಲಿನವರು ಕುಡಿಯುವ ನೀರಿಗೇ ಕುತ್ತು. ಹಾಗಾಗಿ ಇದು ಬರೀ ಸಂಬಳದ ಕೆಲಸವಲ್ಲ, ಜವಾಬ್ದಾರಿಯ ಕೆಲಸ.

ಇದಕ್ಕೆ ಬೇಕಾದದ್ದೇನು? ಮೊದಲು ರಸಾಯನ ಶಾಸ್ತ್ರ, ಭೌತಶಾಸ್ತ್ರ ಗಟ್ಟಿ ಇರಬೇಕು. ಕಲ್ಲನ್ನು 0.03 ಮಿಲಿಮೀಟರ್‌ನಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ನೋಡುವ ತಾಳ್ಮೆ ಬೇಕು. ಬಿಸಿಲಲ್ಲಿ ನಡೆಯುವ ಕಾಲು, ಕಂಡದ್ದನ್ನು ಕಂಡ ಹಾಗೆ ಬರೆಯುವ ಪ್ರಾಮಾಣಿಕತೆ ಬೇಕು. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಪತ್ತೆ ಮಾಡಿದ್ದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಬಂಡೆಯನ್ನು ನಿಂತು ನೋಡುವ ಅಭ್ಯಾಸದ ಫಲ ಅದು.

ಈ ವಿದ್ಯೆ ನಮಗೆ ಹೊಸತೂ ಅಲ್ಲ. ಸಾವಿರ ವರ್ಷದ ಹಿಂದೆಯೇ ಅಲ್ ಬಿರೂನಿ ರತ್ನ, ಲೋಹಗಳನ್ನು ನೀರಿನಲ್ಲಿ ಮುಳುಗಿಸಿ ತೂಗಿ ಯಾವುದು ಎಷ್ಟು ಭಾರವೆಂದು ಪಟ್ಟಿ ಮಾಡಿದ್ದರು. ನಾವು ಮನೆ ಕಟ್ಟುವ ಮುರಕಲ್ಲಿಗೂ ಒಂದು ವಿಜ್ಞಾನವಿದೆ ಎಂದು ಮಕ್ಕಳಿಗೆ ಹೇಳಿದ್ದೇವಾ?

ಕಲಿಯಲು ದೂರ ಹೋಗಬೇಕಾಗಿಲ್ಲ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗವಿದೆ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ಇದೆ. ಎಂಎಸ್ಸಿ ಆದವರು ಯುಪಿಎಸ್‌ಸಿಯ ಭೂವಿಜ್ಞಾನಿ ಪರೀಕ್ಷೆ ಬರೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಬಹುದು. ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ: 2019ರಲ್ಲಿ ಕೇಂದ್ರ ಸರಕಾರ, ನೆಲದಡಿಯ ಗಣಿಯಲ್ಲೂ ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಕ್ಕೆ ಹಗಲಲ್ಲಿ ಅವರು ಇಳಿಯಬಹುದು ಎಂದಿತು.

ಕಷ್ಟ ಇಲ್ಲವೆಂದಲ್ಲ. ಹುದ್ದೆಗಳು ಕಡಿಮೆ, ಊರಿನಿಂದ ದೂರ, ಧೂಳು, ಬಿಸಿಲು. ಆದರೆ ಗಲ್ಫಿನ ಬಿಸಿಲಿಗೆ ಮಕ್ಕಳನ್ನು ಕಳಿಸಲು ಹೆದರದ ನಾವು ರಾಯಚೂರಿನ ಬಿಸಿಲಿಗೆ ಹೆದರಬೇಕಾ? ಜಮಾಅತಿನಲ್ಲಿ ಮುಂದಿನ ಶಿಕ್ಷಣ ಮಾರ್ಗದರ್ಶನ ಶಿಬಿರ ಇಟ್ಟಾಗ ಒಬ್ಬ ಭೂವಿಜ್ಞಾನಿಯನ್ನೂ ಕರೆಯೋಣ. ಮಕ್ಕಳು ಕೇಳಲಿ, ಆಯ್ಕೆ ಅವರೇ ಮಾಡಲಿ.