ನೆತ್ತರಿನ ನಾಲೆಗಳು

ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಗಳಿಗೆ ಜೀವವೀಯುವುದು ಕನ್ನಂಬಾಡಿಯ ಕಟ್ಟೆಯೊಂದೇ ಅಲ್ಲ. ಅಲ್ಲಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಳು ಮತ್ತು ಹೊಲಗಾಲುವೆಗಳು. ಕಟ್ಟೆ ತುಂಬಿದ್ದರೂ ಕಾಲುವೆ ಮುಟ್ಟದ ಪೈರು ಒಣಗುತ್ತದೆ. ಮಾನವದೇಹದ ನಿಯಮವೂ ಇದೇ. ಹೃದಯದಿಂದ ಹೊರಟ ಮಹಾಧಮನಿಯು ಕವಲೊಡೆದು, ಕೂದಲಿಗಿಂತಲೂ ತೆಳುವಾದ ಲೋಮನಾಳಗಳಾಗುತ್ತದೆ. ಅವುಗಳಿಂದ ಸುಮಾರು 0.2 ಮಿಲಿಮೀಟರಿಗಿಂತ ದೂರವುಳಿದ ಜೀವಕೋಶಕ್ಕೆ ಸಾಕಷ್ಟು ಆಮ್ಲಜನಕ ದೊರೆಯದು.

ಪ್ರಯೋಗಶಾಲೆಯಲ್ಲಿ ಅಂಗಗಳನ್ನು ರೂಪಿಸಹೊರಟ ವಿಜ್ಞಾನಿಗಳಿಗೆ ಎದುರಾದ ದೊಡ್ಡ ತೊಡಕೂ ಇದೇ. ಅದಕ್ಕೆ ಅವರು ಕಂಡುಕೊಂಡ ಒಂದು ಮಾರ್ಗ ಮೂರು ಆಯಾಮಗಳ ಜೈವಿಕ ಮುದ್ರಣ. ಇಲ್ಲಿ ಶಾಯಿಯೆಂದರೆ ಜೀವಂತ ಕೋಶಗಳನ್ನು ಬೆರೆಸಿದ ಲೋಳೆ. ಗಣಕಯಂತ್ರದ ನಕ್ಷೆಯಂತೆ ಅದನ್ನು ಪದರದ ಮೇಲೆ ಪದರವಾಗಿ ಹರವುತ್ತಾರೆ. ನಾಳವಿರಬೇಕಾದೆಡೆ ಕರಗುವ ಶಾಯಿಯನ್ನಿಟ್ಟು, ಸುತ್ತಲಿನ ಲೋಳೆ ಗಟ್ಟಿಯಾದ ಬಳಿಕ ಅದನ್ನು ಹೊರತೆಗೆಯುತ್ತಾರೆ; ಉಳಿದ ಸುರಂಗದ ಒಳಗೋಡೆಯಲ್ಲಿ ರಕ್ತನಾಳದ ಕೋಶಗಳನ್ನು ನೆಲೆಗೊಳಿಸುತ್ತಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ಇದನ್ನು ಮಾಡಿ ತೋರಿಸಿದರು. ಬೆಂಗಳೂರಿನ ಪ್ಯಾಂಡೋರಂ ಸಂಸ್ಥೆಯು 2015ರಲ್ಲಿ ಯಕೃತ್ತಿನ ಅಂಗಾಂಶವನ್ನು ಮುದ್ರಿಸಿದುದಾಗಿ ಪ್ರಕಟಿಸಿತು.

ಊರಿನ ಆಸ್ಪತ್ರೆಗೇ ಹಣ ಸಾಲದಿರುವಾಗ ಇಂತಹ ದುಬಾರಿ ಸಂಶೋಧನೆ ಏಕೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಹೃದಯದ ಧಮನಿ ಕಟ್ಟಿಕೊಂಡವನಿಗೆ ಇಂದು ಹಲವು ವೇಳೆ ಅವನ ಕಾಲಿನ ಸಿರೆಯನ್ನೇ ತೆಗೆದು ಜೋಡಿಸಬೇಕಾಗಿದೆ. ಆ ಸಿರೆಯೇ ಕೆಟ್ಟಿದ್ದರೆ ಏನು ಗತಿ? ಕಿರಿದಾದ ಕೃತಕ ಕೊಳವೆಗಳಲ್ಲಿ ನೆತ್ತರು ಬೇಗ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡ ಸೋತು ಡಯಾಲಿಸಿಸ್ ಪಡೆಯುವವನಿಗೂ ಒಳ್ಳೆಯ ರಕ್ತನಾಳ ಬೇಕು. ಈ ಕೊರತೆ ಸಿರಿವಂತರಿಗೆ ಮಾತ್ರ ಸೇರಿದುದಲ್ಲ.

ಹಾಗೆಂದು ಅತಿಯಾದ ಭರವಸೆಯೂ ಸಲ್ಲದು. ಮುದ್ರಿತ ರಕ್ತನಾಳವು ಇನ್ನೂ ನಿತ್ಯದ ಚಿಕಿತ್ಸೆಗೆ ಬಂದಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕವು ಕೈಕಾಲುಗಳ ಧಮನಿಗಾದ ಗಾಯಕ್ಕೆ ಸಮ್ಮತಿಸಿದ ನಾಳವು ಮಾನವಕೋಶಗಳಿಂದ ಬೆಳೆಸಿದುದೇ ಹೊರತು ಮುದ್ರಿಸಿದುದಲ್ಲ. ಆದರೂ ಗುರಿ ಅಸಾಧ್ಯವಲ್ಲವೆಂಬುದಕ್ಕೆ ಅದು ಸಾಕ್ಷಿ.

ಆದುದರಿಂದ ಈ ಸಂಶೋಧನೆಗೆ ಸಾರ್ವಜನಿಕ ಧನ ಸಲ್ಲಬೇಕು. ಅದರ ಫಲವೂ ಸಾರ್ವಜನಿಕರಿಗೇ ಸಲ್ಲಬೇಕು. ಬೆಂಗಳೂರಿನ ಪ್ರಯೋಗಶಾಲೆ ಕಟ್ಟೆಯಾದರೆ, ತಾಲ್ಲೂಕು ಆಸ್ಪತ್ರೆಗಳು ಅದರ ಹೊಲಗಾಲುವೆಗಳು. ಕಟ್ಟೆಯೊಂದನ್ನೇ ಎತ್ತರಿಸಿ ಕಾಲುವೆಗಳಲ್ಲಿ ಹೂಳು ತುಂಬಲು ಬಿಡುವುದು ವಿವೇಕವಲ್ಲ. ನಾಲೆಯ ಸಾರ್ಥಕತೆಯನ್ನು ತೂಬಿನ ಬಳಿ ಅಳೆಯುವವರಿಲ್ಲ. ನೀರು ಕೊನೆಯ ಗದ್ದೆಯನ್ನು ಮುಟ್ಟಿತೇ ಎಂದು ನೋಡುತ್ತಾರೆ. ಈ ವಿದ್ಯೆಯ ಹಿರಿಮೆಯೂ ಕೃಷ್ಣರಾಜಪೇಟೆ, ನಾಗಮಂಗಲಗಳ ಬಡರೈತನ ಹಾಸಿಗೆಯ ಬಳಿಯಲ್ಲಿಯೇ ನಿರ್ಧಾರವಾಗಬೇಕು.