ಅಗ್ಗದ ಲ್ಯಾಪ್‌ಟಾಪಿನ ಅಗುಳಿ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದಿದೆ. ಜಾಲತಾಣದಿಂದ ‘ನುಡಿ’ ಇಳಿಸಿಕೊಂಡು ಅದರ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ, ಜಪ್ಪಯ್ಯ ಎಂದರೂ ಅದು ಇನ್‌ಸ್ಟಾಲ್ ಆಗುವುದಿಲ್ಲ. ನಿಮ್ಮ ಸುರಕ್ಷತೆಗಾಗಿ ಈ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಒಪ್ಪಿದ ಆಪ್‌ಗಳಿಗೆ ಮಾತ್ರ ಜಾಗ ಎಂಬರ್ಥದ ಸೂಚನೆಯೊಂದು ಪರದೆ ಮೇಲೆ ಮೂಡುತ್ತದೆ. ‘ಬರಹ’ ಹಾಕಹೋದರೂ ಅದೇ ಉತ್ತರ, ಹಳೆಯ ಪ್ರಿಂಟರಿನ ಸಿ.ಡಿ. ತುರುಕಿದರೂ ಅದೇ. ಯಂತ್ರವೇ ಕೆಟ್ಟಿದೆಯೇನೋ ಎಂದು ಕೊಂಡವರಿಗೆ ಗುಮಾನಿ. ಕೆಟ್ಟಿಲ್ಲ. ಮಾರಾಟದ ಪುಟದಲ್ಲಿ ಉದ್ದನೆಯ ಹೆಸರಿನ ಬಾಲದಲ್ಲಿ ‘ಎಸ್ ಮೋಡ್’ ಎಂಬ ಎರಡು ಪದಗಳಿದ್ದವು. ಬೆಲೆ ನೋಡುವ ಗಡಿಬಿಡಿಯಲ್ಲಿ ಅವು ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಎಸ್ ಮೋಡ್ ಎಂಬ ಈ ಅಗುಳಿ ತಯಾರಾದದ್ದು ಅಮೆರಿಕದ ಶಾಲಾ ಮಕ್ಕಳಿಗಾಗಿ. ಅಲ್ಲಿನ ತರಗತಿಗಳಲ್ಲಿ ಗೂಗಲ್‌ನ ಕ್ರೋಮ್‌ಬುಕ್ ವಿಂಡೋಸ್‌ನ ಜಾಗವನ್ನು ಕಬಳಿಸುತ್ತಿದ್ದ ಕಾಲ ಅದು. 2017ರ ಮೇ 2ರಂದು ನ್ಯೂಯಾರ್ಕಿನಲ್ಲಿ ಮೈಕ್ರೋಸಾಫ್ಟ್‌ನ ಟೆರಿ ಮೈಯರ್ಸನ್ ‘ವಿಂಡೋಸ್ 10 ಎಸ್’ ಅನ್ನು ಪ್ರಕಟಿಸಿದರು. ಏಸರ್, ಎಚ್‌ಪಿ, ಡೆಲ್ ಮುಂತಾದ ಕಂಪನಿಗಳು 189 ಡಾಲರಿನಿಂದ ಶುರುವಾಗುವ ಲ್ಯಾಪ್‌ಟಾಪ್‌ಗಳನ್ನು ಇದರೊಂದಿಗೆ ಮಾರುತ್ತವೆ ಎಂಬುದು ಘೋಷಣೆಯ ತಿರುಳು. ತಮಾಷೆಯೆಂದರೆ, ಅದೇ ವೇದಿಕೆಯ ಮೇಲೆ ಅನಾವರಣಗೊಂಡ 999 ಡಾಲರಿನ ಸರ್ಫೇಸ್ ಲ್ಯಾಪ್‌ಟಾಪಿಗೂ ಇದೇ ಅಗುಳಿ ಹಾಕಿದ್ದರು. ಸಾವಿರ ಡಾಲರ್ ಕೊಟ್ಟವನಿಗೂ ಐದನೇ ಕ್ಲಾಸಿನ ಹುಡುಗನಿಗೂ ಒಂದೇ ಕಟ್ಟುಪಾಡು!

ಕಟ್ಟುಪಾಡಿನ ಹಿಂದಿನ ಕೆಲಸ ಮಾತ್ರ ಗಟ್ಟಿಯಾದದ್ದು. ಸಾಮಾನ್ಯ ವಿಂಡೋಸ್‌ನಲ್ಲಿ ಆಂಟಿವೈರಸ್ ಎಂಬುದು ಕಳ್ಳರ ಫೋಟೊ ಪಟ್ಟಿ ಹಿಡಿದು ಕೂತ ಕಾವಲುಗಾರ. ಪಟ್ಟಿಯಲ್ಲಿಲ್ಲದ ಹೊಸ ಕಳ್ಳ ಬಂದರೆ ಅವನು ಏಮಾರುವ ಸಾಧ್ಯತೆ ಹೆಚ್ಚು. ಎಸ್ ಮೋಡ್ ಇದನ್ನು ತಿರುವುಮುರುವು ಮಾಡಿತು. ಅದರ ಕೈಯಲ್ಲಿರುವುದು ಅತಿಥಿಗಳ ಪಟ್ಟಿ. ಪ್ರೋಗ್ರಾಮುಗಳಿಗೆ ಡಿಜಿಟಲ್ ಸಹಿ ಹಾಕುವ ಪದ್ಧತಿಯಿದೆ. ಆ ಸಹಿ ಮೈಕ್ರೋಸಾಫ್ಟ್‌ನ ಆಪ್ ಅಂಗಡಿಯಾದ ಸ್ಟೋರ್‌ನದೋ ವಿಂಡೋಸ್‌ನದೋ ಆಗಿದ್ದರೆ ಒಳಗೆ, ಇಲ್ಲವಾದರೆ ಹೊರಗೆ. ಮೇಲ್‌ನಲ್ಲಿ ಬಂದ ‘ಕೊರಿಯರ್ ರಸೀದಿ’ಯನ್ನು ಯಾರೋ ಆತುರದಲ್ಲಿ ತೆರೆದರೂ ಒಳಗಿನ ವೈರಸ್ ಏಳುವುದಿಲ್ಲ. ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್, ರಿಜಿಸ್ಟ್ರಿ ಎಡಿಟರ್ ಕೂಡ ಬಂದ್. ಜನಸಾಮಾನ್ಯರು ಇವನ್ನು ತೆರೆಯುವುದು ಅಪರೂಪ, ದಾಳಿಕೋರರು ಮಾತ್ರ ತೆರೆಯದೆ ಬಿಡುವುದಿಲ್ಲ.

ಪ್ರಕಟಣೆಯಾಗಿ ಹತ್ತೇ ದಿನಕ್ಕೆ, ಮೇ 12ರಂದು, ‘ವಾನ್ನಾಕ್ರೈ’ ಬಂತು. ಬ್ರಿಟನ್ನಿನ ಆಸ್ಪತ್ರೆಗಳಿಂದ ಆಂಧ್ರದ ಪೊಲೀಸ್ ಠಾಣೆಗಳವರೆಗೆ ಕಂಪ್ಯೂಟರುಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳಿತು. ಮೈಕ್ರೋಸಾಫ್ಟ್ ಎದೆಯುಬ್ಬಿಸಿ, ಗೊತ್ತಿರುವ ಯಾವ ರ‍್ಯಾನ್‌ಸಮ್‌ವೇರೂ ವಿಂಡೋಸ್ 10 ಎಸ್‌ನಲ್ಲಿ ನಡೆಯದು ಎಂದಿತು. ಆ ಮಾತನ್ನು ಪರೀಕ್ಷಿಸಲು ಒಂದು ಅಮೆರಿಕನ್ ಸುದ್ದಿತಾಣ ಮ್ಯಾಥ್ಯೂ ಹಿಕಿ ಎಂಬ ಭದ್ರತಾ ತಜ್ಞರನ್ನು ಕೇಳಿಕೊಂಡಿತು. ಅವರಿಗೆ ಹಿಡಿದದ್ದು ಮೂರು ಗಂಟೆಗಿಂತ ತುಸು ಹೆಚ್ಚು. ಸ್ಟೋರ್‌ನಿಂದಲೇ ಬಂದ ಮೈಕ್ರೋಸಾಫ್ಟ್ ವರ್ಡ್ ಅವರ ಏಣಿ: ಅದರ ಕಡತದೊಳಗೆ ಹುದುಗಿಸುವ ಪುಟ್ಟ ಪ್ರೋಗ್ರಾಮಾದ ಮ್ಯಾಕ್ರೊ ಒಂದನ್ನು ಹಿಡಿದು ಯಂತ್ರದ ಅತ್ಯುನ್ನತ ಅಧಿಕಾರದವರೆಗೆ ಏರಿದರು. ಅಂದರೆ ಆಹ್ವಾನ ಪತ್ರ ಸಾಚಾ, ಆದರೆ ಅತಿಥಿಯ ಜೋಳಿಗೆಯೊಳಗೆ ಇನ್ನೊಬ್ಬ. ಇದರಿಂದ ಅಗುಳಿಯೇ ನಿರರ್ಥಕ ಎಂದು ತೀರ್ಮಾನಿಸುವವರೂ ಇದ್ದಾರೆ. ಅದು ದುಡುಕು. ನುರಿತ ತಜ್ಞನಿಗೆ ಮೂರು ತಾಸು ಬೇಕಾದ ಬಾಗಿಲು, ಸಾವಿರಾರು ಮನೆಗಳ ಕದ ತಟ್ಟುತ್ತಾ ಹೋಗುವ ಚಿಲ್ಲರೆ ಕಳ್ಳನಿಗೆ ಲಾಭದ ಬಾಬತ್ತಲ್ಲ.

ಮೈಕ್ರೋಸಾಫ್ಟ್ ಎಡವಿದ್ದು ಬೇರೆ ಕಡೆ. ಕಾವಲಿಗೆ ಕೂತವನೇ ಅಂಗಡಿಯನ್ನೂ ಇಟ್ಟುಕೊಂಡ. ಎಸ್‌ನಲ್ಲಿ ಎಡ್ಜ್ ಬ್ರೌಸರ್ ಬಿಟ್ಟು ಬೇರೆಯದನ್ನು ಡಿಫಾಲ್ಟ್ ಮಾಡುವಂತಿರಲಿಲ್ಲ. ಎಡ್ಜ್‌ನಲ್ಲಿ ಡಿಫಾಲ್ಟ್ ಹುಡುಕಾಟ ಬಿಂಗ್ ಮಾತ್ರ. ಬಿಂಗ್ ಬದಲು ಗೂಗಲ್‌ನಲ್ಲಿ ಹುಡುಕಿದರೆ ಯಾವ ವೈರಸ್ ಬರುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. 2017ರ ಡಿಸೆಂಬರಿನಲ್ಲಿ ಗೂಗಲ್, ಕ್ರೋಮ್‌ನ ಡೌನ್‌ಲೋಡ್ ಪುಟಕ್ಕೆ ದಾರಿ ತೋರಿಸುವ ಒಂದು ಪುಟ್ಟ ಆಪ್ ಅನ್ನು ಸ್ಟೋರ್‌ಗೆ ಸೇರಿಸಿ ನೋಡಿತು. ಮೈಕ್ರೋಸಾಫ್ಟ್ ಅದನ್ನು ಕೂಡಲೇ ಕಿತ್ತುಹಾಕಿತು. ಇಷ್ಟಾದ ಮೇಲೆ ಜನ ಭದ್ರತೆಯ ಮಾತನ್ನು ನಂಬುವುದಾದರೂ ಹೇಗೆ?

2018ರ ಮಾರ್ಚಿನಲ್ಲಿ ಕಂಪನಿ ದಾರಿ ಬದಲಿಸಿತು. ‘10 ಎಸ್’ ಎಂಬ ಪ್ರತ್ಯೇಕ ವಿಂಡೋಸ್ ಹೋಗಿ, ಎಸ್ ಬರೀ ಒಂದು ಮೋಡ್ ಆಯಿತು. ಬೇಡವಾದವರು ಬಿಡಿಗಾಸಿಲ್ಲದೆ ಹೊರಬರಬಹುದು. ವಿಂಡೋಸ್ 11ರಲ್ಲಿ ಅದು ಹೋಮ್ ಆವೃತ್ತಿಯಲ್ಲಷ್ಟೇ ಉಳಿದಿದೆ. ಶಾಲೆಗಳಿಗೆಂದು 2021ರಲ್ಲಿ ಬಂದ ‘ವಿಂಡೋಸ್ 11 ಎಸ್‌ಇ’ ಎಂಬ ತಮ್ಮನ ಆಯುಸ್ಸು ಇನ್ನೂ ಕಡಿಮೆ: 2026ರ ಅಕ್ಟೋಬರಿಗೆ ಅದರ ಬೆಂಬಲ ನಿಲ್ಲುತ್ತದೆ.

ಆದರೆ ಎಸ್ ಮೋಡ್‌ನ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಒಮ್ಮೆ ಹೊರಬಂದರೆ ಮರಳಿ ಒಳಹೋಗುವ ಗುಂಡಿ ಸೆಟ್ಟಿಂಗ್ಸ್‌ನಲ್ಲಿ ಎಲ್ಲಿಯೂ ಇಲ್ಲ. ಕ್ರೋಮ್‌ಬುಕ್ಕಿನ ಡೆವಲಪರ್ ಮೋಡ್ ನೋಡಿ: ಬೀಗ ತೆಗೆದಾಗಲೂ, ಮತ್ತೆ ಹಾಕಿದಾಗಲೂ ಯಂತ್ರದೊಳಗಿನ ಕಡತಗಳೆಲ್ಲ ಅಳಿಸಿಹೋಗುತ್ತವೆ, ನಿಜ. ಆದರೂ ಮರಳುವ ದಾರಿಯಿದೆ. ಪ್ರಿಂಟರಿನ ಒಂದು ಡ್ರೈವರ್‌ಗಾಗಿ ಅಗುಳಿ ತೆಗೆದ ಮನೆಯವರು ಜೀವಮಾನವಿಡೀ ಕದ ತೆರೆದಿಟ್ಟು ಮಲಗಬೇಕೆಂಬ ನಿಯಮವನ್ನು ಭದ್ರತೆಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಈ ಮೋಡ್‌ಗೆ ಯಾವುದಾದರೂ ಒಂದು ರಿಪೇರಿ ಬೇಕೆಂದರೆ ಅದು ಇದೇ.

ಇಲ್ಲಿನ ಗ್ರಾಹಕರಿಗೆ ಇದು ದೂರದ ಸಂಗತಿಯಲ್ಲ. 4 ಜಿಬಿ ರ‍್ಯಾಮ್, 64 ಜಿಬಿ ಜಾಗದ ಅಗ್ಗದ ಮಾದರಿಗಳಲ್ಲಿ ಎಸ್ ಮೋಡ್ ಭಾರತದಲ್ಲೂ ಮಾರಾಟವಾಗುತ್ತದೆ. ತೆರಿಗೆ ಸಲಹೆಗಾರರಿಗೆ ಅದು ಒಗ್ಗದು: ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಅದರದೇ ತಂತ್ರಾಂಶ ಹೊರಗಿನಿಂದ ಬರಬೇಕು. ಆನ್‌ಲೈನ್ ಪಾಠ ಕೇಳುವ, ಬ್ರೌಸರಿನಲ್ಲೇ ಮೇಲ್ ಮತ್ತು ಯೂಟ್ಯೂಬ್ ನೋಡುವ ಮನೆಗೆ ಅದು ಧಾರಾಳ ಸಾಕು. ಕನ್ನಡಕ್ಕೂ ಅಡ್ಡಿಯಿಲ್ಲ, ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿಂಡೋಸ್‌ನಲ್ಲಿ ಹಿಂದಿನಿಂದಲೂ ಇದೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆ 2019ರಲ್ಲಿ ಸೇರಿದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಂಡರಾಯಿತು. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ’ ಎನ್ನುವ ದನಿ ಹಿರಿಯರಿಂದ ಜಾಲತಾಣದ ಯಾವುದೋ ರಿಮೋಟ್ ತಂತ್ರಾಂಶ ಹಾಕಿಸಲು ನೋಡಿದರೂ ಅಗುಳಿ ತಡೆಯುತ್ತದೆ. ಆದರೆ ವಿಂಡೋಸ್‌ನದೇ ರಿಮೋಟ್ ಆಪ್ ‘ಕ್ವಿಕ್ ಅಸಿಸ್ಟ್’ ಅನ್ನು ವಂಚಕರು ಬಳಸುತ್ತಿದ್ದಾರೆಂದು 2024ರಲ್ಲಿ ಮೈಕ್ರೋಸಾಫ್ಟೇ ಎಚ್ಚರಿಸಿದೆ. ಇನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳುವ ಒಟಿಪಿಗೆ ಯಾವ ಮೋಡೂ ಅಡ್ಡ ಬರುವುದಿಲ್ಲ.

ಹಾಗಾಗಿ ಹೊಸ ಲ್ಯಾಪ್‌ಟಾಪ್ ತಂದ ದಿನವೇ ಗೊತ್ತಿದ್ದ ಹುಡುಗನನ್ನು ಕರೆಸಿ ಎಸ್ ಮೋಡ್ ತೆಗೆಸುವ ಅವಸರ ಬೇಡ. ಒಂದು ವಾರ ಬಳಸಿ ನೋಡಿ. ತೆಗೆಯಲೇಬೇಕೆಂದರೆ ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟಕ್ಕೆ ಹೋಗಿ. ಅಲ್ಲಿ ‘ಸ್ವಿಚ್’ ಎಂಬ ಶೀರ್ಷಿಕೆಯ ಕೆಳಗೆ ಸ್ಟೋರ್‌ಗೆ ಒಯ್ಯುವ ಕೊಂಡಿ ಇರುತ್ತದೆ, ಅದು ಉಚಿತ. ಅದೇ ಪುಟದಲ್ಲಿ ‘ಅಪ್‌ಗ್ರೇಡ್’ ಎಂಬ ಶೀರ್ಷಿಕೆಯ ಕೆಳಗೂ ಅಂಥದೇ ಇನ್ನೊಂದು ಕೊಂಡಿ ಕಾಣಿಸಬಹುದು. ಅದನ್ನು ಒತ್ತಬೇಡಿ, ಅದು ದುಡ್ಡು ಕೇಳುತ್ತದೆ.