ಕೋವಿಯ ಒದೆತ ಎಲ್ಲಿಗೆ ಹೋಗಬೇಕು?

ಮಳೆಗಾಲ ಮುಗಿದು ಕೊಳೆರೋಗದ ಮಾತು ತಣ್ಣಗಾಗುತ್ತಿದ್ದಂತೆ ನಮ್ಮ ಸದಸ್ಯರ ಬಾಯಲ್ಲಿ ಹಂದಿಯ ಮಾತು ಏಳುತ್ತದೆ. ಬೈಂದೂರು ತಾಲೂಕಿನ ಜಡ್ಕಲ್, ಮುದೂರು ಇರಲಿ, ಕುಂದಾಪುರದ ಅಮಾಸೆಬೈಲು, ಸಿದ್ದಾಪುರ ಇರಲಿ, ಬ್ರಹ್ಮಾವರದ ಕೊಕ್ಕರ್ಣೆ ಕಡೆಯ ತೋಟಗಳಿರಲಿ, ರಾತ್ರಿ ಬೆಳಗಾಗುವುದರೊಳಗೆ ಅಡಿಕೆ ಸಸಿ, ಬಾಳೆ, ಗೆಣಸು ಬುಡಮೇಲಾಗಿರುವುದನ್ನು ಕಾಣದವರು ಕಡಿಮೆ. ಹಂದಿಯ ಮಾತಿನ ಬೆನ್ನಿಗೇ ಕೋವಿಯ ಮಾತೂ ಬರುತ್ತದೆ.

ಈ ಬಾರಿ ಆ ಮಾತಿಗೆ ಹೊಸದೊಂದು ಸೇರಿಕೊಂಡಿದೆ. ಕೋವಿಯ ಒದೆತ ಹೆಗಲಿಗೆ ತಾಗದಂತೆ ತಡೆಯುವ ಕಬ್ಬಿಣದ ಚೌಕಟ್ಟು ವಿದೇಶಗಳಲ್ಲಿ ಬಂದಿದೆ, ಸಂಘವೇ ಅಂಥದೊಂದನ್ನು ತರಿಸಿ ಇಟ್ಟರೆ ಎಲ್ಲರೂ ತಮ್ಮ ಜೋಡುನಳಿಗೆಯ ಗುರಿ ಪರೀಕ್ಷಿಸಿಕೊಳ್ಳಬಹುದು ಎಂಬುದು ಕೆಲವು ತರುಣ ಸದಸ್ಯರ ಸಲಹೆ. ಗುರಿ ಪರೀಕ್ಷಿಸಿಕೊಳ್ಳಬೇಕೆಂಬ ಅವರ ಮಾತಿಗೆ ನಮ್ಮ ಪೂರ್ಣ ಒಪ್ಪಿಗೆಯಿದೆ. ಆದರೆ ಆ ಚೌಕಟ್ಟಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಬೇರೆ. ಅದನ್ನು ಕಾರಣ ಸಹಿತ ಸದಸ್ಯರ ಮುಂದಿಡುವುದು ನಮ್ಮ ಕರ್ತವ್ಯ.

ಮೊದಲು ಆ ಚೌಕಟ್ಟು ಏನೆಂದು ನೋಡೋಣ. ಮೇಜಿನ ಮೇಲಿಡುವ ಕಬ್ಬಿಣದ ಪೀಠ. ಕೋವಿಯ ಹಿಂಬದಿ ಮರ ಅದರ ಹಿಂಭಾಗದ ತಟ್ಟೆಗೆ ಒರಗುತ್ತದೆ, ಮುಂಬದಿ ಮೆತ್ತನೆಯ ಕವೆಯ ಮೇಲೆ ಕೂಡುತ್ತದೆ. ಕೆಳಗೆ ಸೀಸದ ಚರೆಯ ಚೀಲವನ್ನೋ ಕಬ್ಬಿಣದ ತುಂಡುಗಳನ್ನೋ ಹೇರುತ್ತಾರೆ. ಈಡಾದಾಗ ಕೋವಿ ಅಷ್ಟೂ ಭಾರವನ್ನು ಹಿಂದಕ್ಕೆ ತಳ್ಳಬೇಕಾದ್ದರಿಂದ ನಮ್ಮ ಹೆಗಲಿಗೆ ತಾಗುವುದು ಅಲ್ಪ. ಒಂಟಿ ನಳಿಗೆಯ ಸಾಧಾರಣ ರೈಫಲಿಗೆ ಇದು ಉಪಯೋಗದ ವಸ್ತು. ತೊಡಕಿರುವುದು ಜೋಡುನಳಿಗೆಯಲ್ಲಿ, ಅದರಲ್ಲಿಯೂ ದೊಡ್ಡ ಬೋರಿನದರಲ್ಲಿ.

ಒದೆತವೆಂದರೆ ಎಷ್ಟು? ಏಳು ಪೌಂಡ್ ತೂಕದ 12 ಬೋರಿನ ಕೋವಿ ಸಾಮಾನ್ಯ ತೋಟೆಗೆ ಸುಮಾರು 20 ಅಡಿ-ಪೌಂಡ್ ಶಕ್ತಿಯಿಂದ ಒದೆಯುತ್ತದೆ. ಆನೆ, ಕಾಟಿಗಳ ಬೇಟೆಗೆಂದು ಹಿಂದೆ ಮಾಡಿದ 470 ಬೋರಿನ ಜೋಡು ರೈಫಲು 11 ಪೌಂಡ್ ತೂಗಿದರೂ 60 ಅಡಿ-ಪೌಂಡ್ ಮೀರಿ ಒದೆಯುತ್ತದೆ. ಎಂದರೆ ಮೂರು ಪಟ್ಟು. ಈ ಬೋರಿಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. 1898ರಲ್ಲಿ ಇಂಗ್ಲೆಂಡಿನ ರಿಗ್ಬಿ ಕಂಪೆನಿ 450 ನೈಟ್ರೋ ಎಕ್ಸ್‌ಪ್ರೆಸ್ ಎಂಬ ತೋಟೆಯನ್ನು ತಂದಿತು. 450 ಬೋರಿನ ಮದ್ದುಗುಂಡು ಬಂಡುಕೋರರ ಕೈಸೇರಿ ಸೈನ್ಯದ ಹಳೆಯ ಮಾರ್ಟಿನಿ ಬಂದೂಕುಗಳಿಗೆ ಒದಗೀತೆಂಬ ಹೆದರಿಕೆಯಿಂದ ಬ್ರಿಟಿಷ್ ಸರಕಾರ ಭಾರತದಲ್ಲಿ ಆ ಬೋರನ್ನೇ ನಿಷೇಧಿಸಿತು. ಅದರ ಬದಲಿಗೆ 1907ರ ಸುಮಾರಿಗೆ ಹುಟ್ಟಿಕೊಂಡವು 465, 470 ಮೊದಲಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಆ ಬೇಟೆಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ನಮ್ಮ ಮನೆಗಳಲ್ಲಿರುವುದು ಬಹುತೇಕ 12 ಬೋರಿನ ಕೋವಿ. ಆದರೂ ಆ ದೊಡ್ಡ ರೈಫಲುಗಳು ಕಲಿಸಿದ ಪಾಠ ನಮ್ಮ ಜೋಡುನಳಿಗೆಗೂ ಹೊಂದುತ್ತದೆ.

ಜೋಡು ರೈಫಲಿನ ಎರಡು ನಳಿಗೆಗಳು ನೋಡಲು ಸಮನಾಗಿ ಕಂಡರೂ ಹಾಗಿರುವುದಿಲ್ಲ. ಬಾಯಿಯ ಕಡೆಗೆ ಅವು ಒಂದಿಷ್ಟು ಕೂಡಿಬರುತ್ತವೆ. ಕಾರಣವಿದೆ. ಬಲನಳಿಗೆ ಈಡಾದಾಗ ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಕೋವಿ ಮೇಲಕ್ಕೂ ಬಲಕ್ಕೂ ಸರಿಯುತ್ತದೆ. ಎಡನಳಿಗೆಯಾದರೆ ಎಡಕ್ಕೆ. ಈ ಸರಿಯುವಿಕೆಯನ್ನು ಮೊದಲೇ ಲೆಕ್ಕಹಾಕಿ, ಮನುಷ್ಯನ ಹೆಗಲಿನಿಂದ ಮತ್ತೆ ಮತ್ತೆ ಹಾರಿಸಿ ನೋಡಿ, ಎರಡೂ ಗುಂಡುಗಳು ಒಂದೇ ಕಡೆ ಬೀಳುವಂತೆ ಕುಶಲಿಗಳು ನಳಿಗೆಗಳನ್ನು ಬೆಸೆಯುತ್ತಾರೆ. ಅಂಥ ಕೋವಿಯನ್ನು ಅಲುಗದಂತೆ ಭಾರ ಹೇರಿ ಕೂರಿಸಿದರೆ ಆಗುವುದೇನು? ಬಲನಳಿಗೆಯ ಗುಂಡು ಎಡಕ್ಕೆ, ಎಡನಳಿಗೆಯದು ಬಲಕ್ಕೆ ಹೋಗುತ್ತದೆ. ನಳಿಗೆಯನ್ನು ಗಟ್ಟಿ ಹಲಗೆಯ ಮೇಲೆ ನೇರವಾಗಿ ಇಟ್ಟರೆ ಅದು ಪುಟಿದು ಗುಂಡು ಮೇಲಕ್ಕೆ ಹೋಗುತ್ತದೆ. ಕೋವಿ ಕೆಟ್ಟಿತೆಂದು ನಾವು ಅದನ್ನು ದೂರುತ್ತೇವೆ. ಕೆಟ್ಟದ್ದು ನಮ್ಮ ಪರೀಕ್ಷೆ. ನಮ್ಮ 12 ಬೋರಿನಲ್ಲಿ ಒಂಟಿ ಗುಂಡಿನ ತೋಟೆ ಹಾಕಿದಾಗಲೂ ಇದೇ ಎಚ್ಚರ ಬೇಕು.

ಇನ್ನೊಂದು ಮಾತು ಮರಕ್ಕೆ ಸೇರಿದ್ದು. ಹೆಗಲು ಹಿಂದೆ ಸರಿದು ಒದೆತವನ್ನು ಸ್ವೀಕರಿಸುತ್ತದೆ. ಐವತ್ತು ಸೇರು ಕಬ್ಬಿಣ ಹಾಗೆ ಸರಿಯುವುದಿಲ್ಲ. ಆಗ ಆ ಪೆಟ್ಟೆಲ್ಲ ಕೋವಿಯ ಕುದುರೆಯ ಹಿಂದೆ, ಕೈಹಿಡಿಯುವಲ್ಲಿ ಸಣ್ಣಗಾಗಿರುವ ಮರದ ಮೇಲೆಯೇ ಬೀಳುತ್ತದೆ. ಹಳೆಯ ಜೋಡುನಳಿಗೆಯಲ್ಲಿ ಬಿರುಕು ಬಿಡುವುದು ಅಲ್ಲಿಯೇ.

ಇದನ್ನು ನಾವು ಕೇಳಿ ಹೇಳುತ್ತಿಲ್ಲ, ಮಾಡಿ ಕೆಡಿಸಿಕೊಂಡು ಹೇಳುತ್ತಿದ್ದೇವೆ. ಹೆಗಲು ನೋವಿಗೆ ಹೆದರಿ ನಾವು ಒಮ್ಮೆ ನಮ್ಮ ತಂದೆಯವರ ಕಾಲದ ಕೋವಿಯನ್ನು ಮೇಜಿಗೆ ಒರಗಿಸಿ, ಹಿಂಬದಿಗೆ ಎರಡು ಗೊಬ್ಬರದ ಮೂಟೆ ಆನಿಸಿ ಈಡು ತೆಗೆದಿದ್ದೆವು. ಮೂರನೆಯ ಈಡಿಗೆ ಮರ ಸೀಳಿತು. ಹೆಗಲೇನೋ ಉಳಿಯಿತು. ಆದರೆ ಆ ವರ್ಷವಿಡೀ ಕೋವಿ ರಿಪೇರಿಯಲ್ಲಿ ಇತ್ತು. ಹಂದಿಗಳು ನಮ್ಮ ಬಾಳೆಯಲ್ಲಿದ್ದವು.

ಹಾಗಾದರೆ ಒದೆ ತಿಂದುಕೊಂಡೇ ಇರಬೇಕೆ? ಖಂಡಿತ ಬೇಡ. ಒದೆತವನ್ನು ಸಹಿಸುವುದೇ ಗಂಡಸುತನವೆಂಬ ಹಳೆಯ ಜಂಬ ಚೌಕಟ್ಟಿಗಿಂತಲೂ ಕೆಟ್ಟದ್ದು. ಎರಡು ಬಾರಿ ಬಲವಾಗಿ ಒದೆಸಿಕೊಂಡವನು ಮೂರನೆಯ ಬಾರಿ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಹೆಗಲು ಕುಗ್ಗಿಸುತ್ತಾನೆ. ಆ ಈಡು ಎಲ್ಲಿಗೆ ಹೋಯಿತೆಂದು ಅವನಿಗೇ ತಿಳಿಯದು. ನಮ್ಮ ತೋಟಗಳು ಬಯಲು ಸೀಮೆಯ ಹೊಲಗಳಂತಲ್ಲ. ಬೇಲಿಯಾಚೆ ನೆರೆಯವರ ತೋಟ, ಅದರಾಚೆ ಮನೆ, ನಡುವೆ ಕಾಲುದಾರಿ. ತಪ್ಪಿದ ಗುಂಡಿಗೆ ನೆರೆಯವರ ಗುರುತಿರುವುದಿಲ್ಲ. ಗಾಯಗೊಂಡು ಪೊದೆ ಹೊಕ್ಕ ಹಂದಿಯಂತೂ ಮರುದಿನ ಹುಲ್ಲು ಕೊಯ್ಯಲು ಹೋದ ಹೆಂಗಸಿನ ಮೇಲೆ ತೀರಿಸಿಕೊಳ್ಳುತ್ತದೆ. ಆದ್ದರಿಂದಲೇ ಈ ವಿಷಯಕ್ಕೆ ನಾವು ಇಷ್ಟು ಜಾಗ ಕೊಟ್ಟಿರುವುದು.

ದಾರಿ ಸರಳವಾಗಿದೆ. ಕುಳಿತು ಮುಂದಕ್ಕೆ ಬಾಗಿದರೆ ಮೈ ಹಿಂದೆ ಸರಿಯಲಾರದು, ಒದೆತವೆಲ್ಲ ಹೆಗಲಿಗೇ ಬೀಳುತ್ತದೆ. ಅದಕ್ಕೆ ನಿಂತು ಹಾರಿಸಬೇಕು. ಎದೆಯೆತ್ತರದ ಗಟ್ಟಿ ಕವೆಯ ಮೇಲೆ ಮರಳಿನ ಚೀಲ, ಚೀಲದ ಮೇಲೆ ನಮ್ಮ ಎಡಗೈ, ಕೈಯ ಮೇಲೆ ಕೋವಿ. ನಳಿಗೆ ಯಾವ ಕಾರಣಕ್ಕೂ ನೇರವಾಗಿ ಚೀಲಕ್ಕೆ ತಾಗಬಾರದು. ಹೆಗಲಿಗೂ ಮರಕ್ಕೂ ನಡುವೆ ದಪ್ಪನೆಯ ಮೆತ್ತೆ ಇರಲಿ, ಕಿವಿಗೆ ಮುಚ್ಚಳವಿರಲಿ. ಗುರಿ ಪರೀಕ್ಷೆಗೆ ನಾಲ್ಕು ಈಡು ಸಾಕು, ನಳಿಗೆಗೆ ಎರಡರಂತೆ. ದೊಡ್ಡ ಬೋರಿನ ಜೋಡು ರೈಫಲನ್ನು ಬಲ್ಲವರು ಪರೀಕ್ಷಿಸುವುದೂ ಹೀಗೆಯೇ. ಇದಕ್ಕೆ ವಿದೇಶಿ ವಿನಿಮಯ ಬೇಕಿಲ್ಲ. ಕವೆ ಕಾಡಿನಲ್ಲಿದೆ, ಮರಳು ಹೊಳೆಯಲ್ಲಿದೆ.

ಪರೀಕ್ಷೆಯ ಜಾಗದ ಬಗ್ಗೆಯೂ ಒಂದು ಮಾತು. ತೋಟದ ಮೂಲೆಯಲ್ಲಿ ತೆಂಗಿನ ಮರಕ್ಕೆ ತಗಡು ಕಟ್ಟಿ ಹಾರಿಸುವುದು ಬೇಡ. ಜಿಲ್ಲಾ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ನಡೆಸುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ಅಡಿಕೆ ಕೊಯ್ಲಿಗೆ ಮುಂಚೆ ಒಂದು ದಿನ ನಮ್ಮ ಮೂರು ತಾಲೂಕುಗಳ ಪರವಾನಗಿದಾರರಿಗಾಗಿ ಅವರ ಮೈದಾನ ಒದಗಿಸಿಕೊಡುವಂತೆ ಸಂಘ ಕೇಳಿಕೊಳ್ಳಬೇಕು. ಚುನಾವಣೆಯ ಕಾಲದಲ್ಲಿ ಠೇವಣಿಯಾಗಿ ತಿಂಗಳುಗಟ್ಟಲೆ ಎಣ್ಣೆ ಕಾಣದೆ ಹಿಂತಿರುಗಿದ ಕೋವಿಗಳಿಗಂತೂ ಈ ತಪಾಸಣೆ ಅಗತ್ಯ.

ಒಂದು ವಿಷಯ ಮರೆಯಬಾರದು. ನಮ್ಮಲ್ಲಿರುವ ಪರವಾನಗಿ ಕೋವಿಗೆ, ಪ್ರಾಣಿಗಲ್ಲ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲೂ ವನ್ಯಜೀವಿ ಕಾಯ್ದೆಯ 11ನೆಯ ಕಲಮಿನಂತೆ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇಕು. ಮೂಕಾಂಬಿಕಾ ಅಭಯಾರಣ್ಯದ ಅಂಚಿನಲ್ಲಿರುವ ನಮ್ಮ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆದುದರಿಂದ ಕಬ್ಬಿಣದ ಚೌಕಟ್ಟಿಗೆ ಸಂಘದ ಹಣ ಹಾಕುವುದು ಬೇಡ, ಅದರ ಸಣ್ಣದೊಂದು ಪಾಲಿನಲ್ಲಿ ನಾಲ್ಕು ಕವೆ, ಎಂಟು ಚೀಲ, ಎರಡು ಮೆತ್ತೆ, ಕಿವಿಯ ಮುಚ್ಚಳಗಳನ್ನು ಮಾಡಿಸಿ ಇಡೋಣ ಎಂಬುದು ನಮ್ಮ ಅಭಿಪ್ರಾಯ. ಒದೆತ ಎಲ್ಲಿಗಾದರೂ ಹೋಗಲೇಬೇಕು. ಅದು ಮರಕ್ಕೂ ಹೋಗದೆ, ನೆರೆಯವರ ಅಂಗಳಕ್ಕೂ ಹೋಗದೆ, ಮೆತ್ತೆಯ ಮೂಲಕ ನಿಂತ ಮನುಷ್ಯನ ಮೈಯಲ್ಲಿ ಇಂಗಿಹೋಗಲಿ. ಇದಕ್ಕಿಂತ ಒಳ್ಳೆಯ ಉಪಾಯ ಬಲ್ಲ ಸದಸ್ಯರು ಮುಂದಿನ ಮಹಾಸಭೆಯಲ್ಲಿ ತಿಳಿಸಿದರೆ ಸಂತೋಷದಿಂದ ಕೇಳುತ್ತೇವೆ.